ಓದುಗರ ಪ್ರಶ್ನೆ: ಬೈದ ಬಾಯಿಗೂ ನೀರು

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಸಿಟ್ಟಿನ ಸುತ್ತಲೇ ಇವೆ. ಈ ಅಂಕಣವನ್ನು ಮೊದಲ ಸಲ ಓದುತ್ತಿರುವವರಿಗೆ ಹೇಳುವುದಾದರೆ, ನಾನು ಕೋಲಾರದವಳು, 34 ವರ್ಷ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದೆ. ಮೆಥಡಿಸ್ಟ್ ಕ್ರೈಸ್ತ ಸಭೆಯವಳು. ದೇವಜ್ಞಾನ ಕಾಲೇಜಿನ ಮೆಟ್ಟಿಲು ಹತ್ತಿಲ್ಲ. ಬೈಬಲನ್ನು ಬೆಳಗಿನ ಕಾಫಿಯ ಜೊತೆ ಓದುತ್ತೇನೆ, ಗೊತ್ತಾದಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ನಾನು ಕೆ.ಜಿ.ಎಫ್.ನವನು, ವಯಸ್ಸು 41. ಅಪ್ಪ ಚಿನ್ನದ ಗಣಿಯಲ್ಲಿದ್ದರು. ಗಣಿ ಮುಚ್ಚಿದಾಗ ನನಗೆ 17. ಈಗ ಊರಿನ ಸಾವಿರಾರು ಜನರ ಹಾಗೆ ನಾನೂ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಬರುತ್ತೇನೆ. ಮೂರೂವರೆಗೆ ಏಳುತ್ತೇನೆ, ಮನೆ ಸೇರುವಾಗ ರಾತ್ರಿ ಒಂಬತ್ತು. ಭಾನುವಾರ ಸಭೆಯಲ್ಲಿ ಹಾಡಿಸುವವನು ನಾನೇ. ಹೋದ ವಾರ ಮಗ ಲೆಕ್ಕದಲ್ಲಿ ತಪ್ಪು ಮಾಡಿದ ಅಂತ ಅವನ ಜಾಮಿಟ್ರಿ ಬಾಕ್ಸನ್ನು ಗೋಡೆಗೆ ಎಸೆದೆ. ಅವನು ಅಳಲಿಲ್ಲ, ಸುಮ್ಮನೆ ನೋಡಿದ. ತಾಳ್ಮೆ ಕೊಡು ಅಂತ ವರ್ಷಗಟ್ಟಲೆ ಪ್ರಾರ್ಥಿಸಿದ್ದೇನೆ. ಸಿಕ್ಕಿಲ್ಲ. ನನ್ನಂಥವನಿಗೆ ಕೃಪೆ ಇದೆಯೆ? ನಾನು ಕಪಟಿಯೆ?

ನಿಮ್ಮ ಪತ್ರ ಓದಿ ಮುಗಿಸಿ ಮೊದಲು ಮಾಡಿದ ಕೆಲಸ ಏನು ಗೊತ್ತೆ? ಬೆರಳು ಮಡಚಿ ನಿಮ್ಮ ನಿದ್ದೆಯ ಲೆಕ್ಕ ಹಾಕಿದೆ. ಒಂಬತ್ತಕ್ಕೆ ಬಂದು, ಉಂಡು, ಮಗನ ಪಾಠ ನೋಡಿ, ಹನ್ನೊಂದಕ್ಕೆ ಮಲಗಿದರೂ ನಾಲ್ಕೂವರೆ ಗಂಟೆ. ನೈಟ್ ಡ್ಯೂಟಿಯ ಮೂರನೇ ರಾತ್ರಿ ಎಂಥ ಸಾಧು ಸಿಸ್ಟರಿನ ಬಾಯೂ ಕೆಡುವುದನ್ನು ನಾನು ಕಣ್ಣಾರೆ ಕಂಡವಳು. ನಿದ್ದೆಗೆಟ್ಟ ಮೈ ಪಾಪಕ್ಕೆ ನೆಪವಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಸಿಟ್ಟಿನಲ್ಲಿ ಎಷ್ಟು ಪಾಲು ದುಷ್ಟತನ, ಎಷ್ಟು ಪಾಲು ದಣಿವು ಎಂದು ದೇವರಿಗೆ ಗೊತ್ತು. ನಮಗಿಂತ ಚೆನ್ನಾಗಿ ಗೊತ್ತು.

ಬೈಬಲಿನ ಅರಣ್ಯಕಾಂಡದ 20ನೇ ಅಧ್ಯಾಯ ತೆಗೆಯಿರಿ. ಜನಕ್ಕೆ ನೀರಿಲ್ಲ. ಈಜಿಪ್ಟಿನ ಗುಲಾಮಗಿರಿಯಿಂದ ತಮ್ಮನ್ನು ಬಿಡಿಸಿ ತಂದ ಮೋಶೆಯ ಮೇಲೆ ಬೀಳುತ್ತಾರೆ, ಯಾಕೆ ನಮ್ಮನ್ನು ಇಲ್ಲಿಗೆ ಕರ್ಕೊಂಡು ಬಂದೆ ಅಂತ. ಬಂಡೆಯ ಜೊತೆ ಮಾತಾಡು, ನೀರು ಬರುತ್ತೆ ಎಂದು ದೇವರು ಹೇಳಿದ್ದು. ಮೋಶೆ ಮಾತಾಡಲಿಲ್ಲ. ಜನರನ್ನು ಬೈದು, ಕೋಲೆತ್ತಿ ಬಂಡೆಯನ್ನು ಹೊಡೆದ, ಅದೂ ಎರಡು ಸಲ. ಇದೇ ಮೋಶೆಯ ಬಗ್ಗೆ, ಭೂಮಿಯ ಮೇಲಿದ್ದವರಲ್ಲೆಲ್ಲ ಅವನಷ್ಟು ಸಾತ್ವಿಕ ಇನ್ನೊಬ್ಬನಿರಲಿಲ್ಲ ಎಂದು ಅದೇ ಪುಸ್ತಕದ 12ನೇ ಅಧ್ಯಾಯ ಹೇಳುತ್ತದೆ. ಮತ್ತೊಂದು ಸಂಗತಿಯನ್ನು ನಾವು ಓದುವಾಗ ದಾಟಿಬಿಡುತ್ತೇವೆ. 20ನೇ ಅಧ್ಯಾಯದ ಮೊದಲನೇ ವಚನದಲ್ಲೇ ಅವನ ಅಕ್ಕ ಮಿರ್ಯಾಮಳು ತೀರಿಕೊಂಡಿದ್ದಾಳೆ. ಅಕ್ಕನನ್ನು ಮಣ್ಣುಮಾಡಿ ಬಂದವನ ಮುಂದೆ ಜನ ನೀರಿಗಾಗಿ ಜಗಳಕ್ಕೆ ನಿಂತಿದ್ದರು.

ಬಂಡೆಯಿಂದ ನೀರು ಅನ್ನುವುದು ನಮ್ಮೂರ ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಊರ ಪಕ್ಕದಲ್ಲೇ ಅಂತರಗಂಗೆ ಬೆಟ್ಟ. ಅಲ್ಲಿ ಕಲ್ಲು ಬಸವನ ಬಾಯಿಂದ ವರ್ಷವಿಡೀ ನೀರು ಬೀಳುವುದನ್ನು ಎಲ್ಲರೂ ನೋಡಿದ್ದಾರೆ. ಸಂಡೇ ಸ್ಕೂಲಿನಲ್ಲಿ ನಾನು ಈ ಕಥೆ ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆ ಬೇರೆ: "ದೇವರು ಹೇಳಿದ ಮಾತನ್ನು ಮೋಶೆ ಕೇಳಲಿಲ್ಲವಲ್ಲ ಮಿಸ್, ಆದರೂ ನೀರು ಯಾಕೆ ಬಂತು?"

ಬಂತು. ಬೇಕಾದಷ್ಟು ಬಂತು. ಜನ ಕುಡಿದರು, ದನಕರು ಕುಡಿದವು. ಮೋಶೆ ಮಾಡಿದ್ದು ಸರಿ ಎಂದು ದೇವರು ಹೇಳಲಿಲ್ಲ. ಅದಕ್ಕೆ ಅವನು ಬೆಲೆ ತೆತ್ತ, ದೇವರು ಜನಕ್ಕೆ ಕೊಡುತ್ತೇನೆಂದಿದ್ದ ಕಾನಾನ್ ದೇಶದೊಳಕ್ಕೆ ಕಾಲಿಡಲಾಗಲಿಲ್ಲ. ಆದರೆ ಅವನ ಸಿಟ್ಟಿಗಾಗಿ ನೀರನ್ನು ಹಿಡಿದಿಟ್ಟುಕೊಳ್ಳಲಿಲ್ಲ.

ಇದು ಪುಸ್ತಕದ ಮಾತಾಗಿ ಉಳಿಯದೆ ನನ್ನ ಮೈಗೆ ತಾಗಿದ್ದು ಒಂದು ಬೇಸಿಗೆಯಲ್ಲಿ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ್ದು 2018ರಲ್ಲಿ. ಅದಕ್ಕೂ ಹಿಂದಿನ ಮಾತು. ನಮ್ಮ ಬೀದಿಯ ಬೋರ್‌ವೆಲ್ ಬತ್ತಿ, ವಾರಕ್ಕೊಂದು ಟ್ಯಾಂಕರ್ ಬರುತ್ತಿತ್ತು. ಮನೆಯಲ್ಲಿ ನಮ್ಮ ಯಜಮಾನರು ಲಕ್ವ ಹೊಡೆದು ಮಲಗಿದ್ದರು. ನಾನು ನೈಟ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಸಾಲಿನಲ್ಲಿ ನಿಂತಿದ್ದೆ, ಆರು ಬಿಂದಿಗೆ ಇಟ್ಟುಕೊಂಡು. ಮುಂದಿನ ಮನೆಯ ಅಜ್ಜಿ ತನ್ನ ನೀಲಿ ಬಿಂದಿಗೆಯನ್ನು ಕಾಲಿನಿಂದ ಮೆಲ್ಲಗೆ ನೂಕಿ ನೂಕಿ ನನ್ನ ಬಿಂದಿಗೆಗಿಂತ ಮುಂದಕ್ಕೆ ತಂದಳು. ನಾನು ಅಷ್ಟೂ ಜನರ ಮುಂದೆ ಅಂದೆ: "ಬೋರ್‌ವೆಲ್ ಜೊತೆ ನಿಮ್ಮ ನಾಚಿಕೆನೂ ಬತ್ತಿಹೋಯ್ತಾ?"

ಅಜ್ಜಿ ಏನೂ ಅನ್ನಲಿಲ್ಲ. ಬಿಂದಿಗೆಯನ್ನು ಎತ್ತಿಕೊಂಡು ಸಾಲಿನ ಇನ್ನೊಂದು ಕಡೆ ಹೋಗಿ ನಿಂತಳು. ಅಲ್ಲಿ ಇನ್ನೊಂದು ಪೈಪು ಬಿಟ್ಟರು. ನನ್ನ ಸರದಿ ಬರುವಷ್ಟರಲ್ಲಿ ಟ್ಯಾಂಕರ್ ಖಾಲಿ. ಒಣ ಬಿಂದಿಗೆಗಳನ್ನು ಎತ್ತಿಕೊಂಡು ಮನೆಗೆ ಬಂದು, ಸೀರೆ ಕೂಡ ಬದಲಿಸದೆ ಬಿದ್ದುಕೊಂಡೆ. ಹನ್ನೊಂದು ಗಂಟೆಗೆ ಎದ್ದು ಬಾಗಿಲು ತೆಗೆದರೆ ಹೊಸಿಲಿನ ಮೇಲೆ ಎರಡು ಬಿಂದಿಗೆ ನೀರು. ಧೂಳು ಬೀಳದಿರಲಿ ಅಂತ ಮೇಲೆ ಸ್ಟೀಲ್ ತಟ್ಟೆ ಮುಚ್ಚಿತ್ತು. ಒಂದು ಬಿಂದಿಗೆ ನೀಲಿ, ಕಂಠದ ಹತ್ತಿರ ಸೀಳಿದ್ದನ್ನು ಬಿಸಿ ಕಬ್ಬಿಣ ಇಟ್ಟು ಅಂಟಿಸಿದ ಗುರುತು. ಅದೇ ಬಿಂದಿಗೆ. ಆ ದಿನ ಅಜ್ಜಿಗೆ ಸಿಕ್ಕಿದ್ದು ಒಟ್ಟು ಮೂರು ಬಿಂದಿಗೆ ಎಂದು ಆಮೇಲೆ ಗೊತ್ತಾಯಿತು.

ಬಿಂದಿಗೆ ಹಿಂದಿರುಗಿಸಲು ಹೋದೆ. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಿ "ಯಜಮಾನರಿಗೆ ಮೈ ಒರೆಸಬೇಕಲ್ಲಮ್ಮ" ಅಂದಳು, ಅಷ್ಟೆ. ನನಗೆ ಬಾಯಿ ಬರಲಿಲ್ಲ. ಕ್ಷಮಿಸಿ ಅಂತ ಕೇಳಿದ್ದು ಸಾಯಂಕಾಲ.

ಆ ದಿನದ ಹೊತ್ತಿನ ಲೆಕ್ಕ ನೋಡಿ. ಬೈದದ್ದು ಬೆಳಿಗ್ಗೆ. ನೀರು ಬಂದದ್ದು ಹನ್ನೊಂದಕ್ಕೆ. ನಾನು ಕ್ಷಮೆ ಕೇಳಿದ್ದು ಸಾಯಂಕಾಲ ಆರಕ್ಕೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟನು ಎಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ಚಿಕ್ಕಂದಿನಿಂದ ಕಂಠಪಾಠ ಮಾಡಿದ್ದೆ. ಅದರ ಅರ್ಥ ಹೊಸಿಲಿನ ಮೇಲೆ ಕೂತಿತ್ತು.

ಅದಕ್ಕೇ ಹೇಳುತ್ತೇನೆ, ನೀವು ಕಪಟಿಯಲ್ಲ. ಕಪಟಿ ಇಂಥ ಪತ್ರ ಬರೆಯುವುದಿಲ್ಲ. ತಾಳ್ಮೆ ಬಂದ ಮೇಲೆ ಕೃಪೆ ಸಿಗುತ್ತದೆ ಎಂದು ನೀವು ಕಾಯುತ್ತಿದ್ದೀರಿ. ಅದು ತಿರುಗುಮುರುಗಾಗಿದೆ. ಕೃಪೆ ಆಗಲೇ ನಿಮ್ಮ ಹೊಸಿಲಿನಲ್ಲಿದೆ, ಬಾಗಿಲು ತೆಗೆದು ನೋಡಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಹೇಳುವ ದೀರ್ಘಶಾಂತಿ, ಅಂದರೆ ತಾಳ್ಮೆ, ದೇವರಾತ್ಮನ ಫಲ. ಫಲ ಅಂದ ಮೇಲೆ ಬೇರಿಗೆ ನೀರು ಬಿದ್ದ ನಂತರ ಬರುವಂಥದ್ದು. ಮರವನ್ನು ಬೈದರೆ ಕಾಯಿ ಬೇಗ ಹಣ್ಣಾಗುವುದಿಲ್ಲ, ನಿಮ್ಮನ್ನು ನೀವೇ ಬೈದುಕೊಂಡರೂ ಅಷ್ಟೆ.

ವರ್ಷಗಟ್ಟಲೆ ಪ್ರಾರ್ಥಿಸಿದೆ ಅಂದಿರಿ. ವಾರ್ಡಿನಲ್ಲಿ ರೋಗಿಯ ಕಡೆಯವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು, "ಸಿಸ್ಟರ್, ಡ್ರಿಪ್ ಸ್ವಲ್ಪ ಜೋರಾಗಿ ಬಿಡಿ, ಬೇಗ ಮುಗೀಲಿ." 20 ಹನಿಗೆ 1 ಎಂಎಲ್ ಬೀಳುವ ಸೆಟ್ಟಿನಲ್ಲಿ 500 ಎಂಎಲ್ ಬಾಟಲಿಯನ್ನು ನಾಲ್ಕು ಗಂಟೆಯಲ್ಲಿ ಇಳಿಸಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ಹಿಡಿದು ಎಣಿಸುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಬೆರೆಸಿದ್ದರಂತೂ ಅವಸರ ಮಾಡುವಂತೆಯೇ ಇಲ್ಲ, ಬದುಕಿಸಬೇಕಾದ ಔಷಧವೇ ವೇಗವಾಗಿ ಹೋದರೆ ಹೃದಯವನ್ನು ನಿಲ್ಲಿಸುತ್ತದೆ. ನಿಮ್ಮೊಳಗೆ ದೇವರು ಇಳಿಸುತ್ತಿರುವುದೂ ಹನಿಹನಿಯಾಗಿಯೇ ಇರಬಹುದು. ಡ್ರಿಪ್ಪಿನ ವೇಗ ತಿರುಗಿಸುವ ಚಕ್ರಕ್ಕೆ ಕೈ ಹಾಕಬೇಡಿ.

ಕೈ ಹಾಕಬೇಕಾದ್ದು ಬೇರೆ ಇದೆ. ಜಾಮಿಟ್ರಿ ಬಾಕ್ಸ್ ಎಸೆದಾಗ ಒಳಗಿನ ಕೋನಮಾಪಕವೋ ಮುಳ್ಳು ಕೈವಾರವೋ ಎಲ್ಲೋ ಮಂಚದ ಕೆಳಗೆ ಹೋಗಿರುತ್ತದೆ. ಇವತ್ತು ರಾತ್ರಿ ಟಾರ್ಚ್ ಹಿಡಿದು ಮಗನ ಜೊತೆ ನೆಲಕ್ಕೆ ಬಗ್ಗಿ ಅದನ್ನು ಹುಡುಕಿ. ಹುಡುಕುತ್ತಾ "ನಾನು ಮಾಡಿದ್ದು ತಪ್ಪು ಕಣೋ" ಅನ್ನಿ. "ಆದರೆ ನೀನೂ..." ಅಂತ ಮುಂದುವರಿಸಬೇಡಿ, ಅಲ್ಲಿಗೇ ನಿಲ್ಲಿಸಿ. ಲೆಕ್ಕದ ಪುಸ್ತಕ ಶನಿವಾರ ತೆಗೆಯಿರಿ, ರಾತ್ರಿ ಒಂಬತ್ತರ ಮೇಲೆ ಬೇಡ. ಬಂಗಾರಪೇಟೆಯಿಂದಾಚೆ ಬೆಂಗಳೂರಿಗೆ ಸುಮಾರು 70 ಕಿ.ಮೀ. ಇದೆಯಲ್ಲ, ಬೆಳಿಗ್ಗೆ ಕೂರಲು ಜಾಗ ಸಿಕ್ಕರೆ ಪ್ರಾರ್ಥನೆ ಪುಸ್ತಕ ಬ್ಯಾಗಿನಲ್ಲೇ ಇರಲಿ, ಕಣ್ಣು ಮುಚ್ಚಿ ನಿದ್ದೆ ಮಾಡಿ. ಇದನ್ನು ಸಭಾಪಾಲಕರು ಒಪ್ಪುತ್ತಾರೋ ಇಲ್ಲವೋ, ನರ್ಸಾಗಿ ನಾನು ಹೇಳುತ್ತಿದ್ದೇನೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಮುಳಬಾಗಿಲಿನಲ್ಲಿ ಶಾಲಾ ಶಿಕ್ಷಕ. ನಿಮ್ಮ ಅಂಕಣ ತಪ್ಪದೆ ಓದುತ್ತೇನೆ. ನಾವೂ "ದೇವರ ದಯೆ" ಅನ್ನುತ್ತೇವೆ. ನೀವು ಕೃಪೆ ಎನ್ನುವುದು ಅದೇನಾ? ಅದಕ್ಕೂ ತಾಳ್ಮೆಗೂ ಏನು ಸಂಬಂಧ?

ಸಾರ್, ಪದದ ಜಗಳ ನನಗೆ ಬೇಡ. ಯೇಸು ಹೇಳಿದ ಒಂದು ಸಾಮ್ಯವನ್ನು, ಅಂದರೆ ನೀತಿಕಥೆಯನ್ನು, ನಿಮ್ಮ ಮುಂದಿಡುತ್ತೇನೆ. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಪೇಟೆಗೆ ಹೋಗಿ ಕೂಲಿಯವರನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ಕರೆದು, ಒಂದೇ ಗಂಟೆ ದುಡಿದವರಿಗೆ ಪೂರಾ ದಿನದ ಕೂಲಿ ಕೊಡುತ್ತಾನೆ. ಬೆಳಗಿನಿಂದ ಬೆವರಿಳಿಸಿದವರು ಗೊಣಗುತ್ತಾರೆ.

ಟೊಮೇಟೊ ಸುಗ್ಗಿಯಲ್ಲಿ ನಮ್ಮ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವವರನ್ನು ನೀವೂ ನೋಡಿರುತ್ತೀರಿ. ಗಟ್ಟಿಮುಟ್ಟಾದವರನ್ನು, 15 ಕೆ.ಜಿ. ಬಾಕ್ಸನ್ನು ಸರಸರ ಎತ್ತಿ ಲಾರಿಗೆ ಹಾಕುವವರನ್ನು ಮೊದಲು ಕರೆದೊಯ್ಯುತ್ತಾರೆ. ಕೊನೆಗೆ ಉಳಿಯುವವರು ಮುದುಕರು, ಕೆಮ್ಮುವವರು, ಕಂಕುಳಲ್ಲಿ ಮಗುವಿರುವ ಹೆಂಗಸರು. ಐದು ಗಂಟೆಗೆ ಅವರ ಹತ್ತಿರ ಬಂದು ನಿಲ್ಲುವ ಯಜಮಾನನ ಸ್ವಭಾವವನ್ನು ನಾವು ಕೃಪೆ ಅನ್ನುತ್ತೇವೆ. ಲೆಕ್ಕಕ್ಕೆ ಸಿಗದ ಕೂಲಿ ಅದು.

ಇನ್ನು ತಾಳ್ಮೆ. ನನಗೆ ಸಿಟ್ಟು ಬರುವಾಗೆಲ್ಲ ನಾನು ಬೆಳಿಗ್ಗೆ ಆರರ ಕೂಲಿಯಾಳಿನ ಹಾಗೆ ಲೆಕ್ಕ ಹಾಕುತ್ತಿರುತ್ತೇನೆ: ನಾನು ಇಷ್ಟು ಮಾಡಿದೆ, ಅವರು ಇಷ್ಟೇ ಮಾಡಿದರು. ನಾನೂ ಸಂಜೆ ಐದಕ್ಕೆ ಕರೆಸಿಕೊಂಡವಳೇ ಎಂದು ನೆನಪಾದ ದಿನ ಬಾಯಿ ತಾನಾಗಿ ಮೆತ್ತಗಾಗುತ್ತದೆ. ನಿಮ್ಮ ತರಗತಿಯಲ್ಲಿ ಎಲ್ಲರಿಗಿಂತ ಕೊನೆಗೆ ಬರೆದು ಮುಗಿಸುವ ಮಗುವಿನ ಮುಖ ನೆನೆಸಿಕೊಂಡು ಈ ಸಾಮ್ಯವನ್ನು ಇನ್ನೊಮ್ಮೆ ಓದಿ. ಮತ್ತಾಯನ ಸುವಾರ್ತೆ, 20ನೇ ಅಧ್ಯಾಯ.

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು. ನಮ್ಮದು ರೇಷ್ಮೆ. ಅತ್ತೆಗೆ 78, ಮರೆವಿನ ಕಾಯಿಲೆ. ಹತ್ತು ನಿಮಿಷಕ್ಕೊಂದು ಸಲ "ಎತ್ತಿಗೆ ನೀರು ಕುಡಿಸಿದ್ರಾ?" ಅಂತಾರೆ. ಎತ್ತು ಮಾರಿ 15 ವರ್ಷ ಆಯ್ತು. ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಮೇಲೆ ನನಗೆ ಸೊಪ್ಪು ಕೊಯ್ಯೋದು, ಹಾಕೋದು ಬಿಟ್ಟರೆ ಉಸಿರಾಡಕ್ಕೂ ಬಿಡುವಿಲ್ಲ. ಮೊನ್ನೆ ನಲವತ್ತನೇ ಸಲ ಕೇಳಿದಾಗ "ಎತ್ತೂ ಸತ್ತವು, ನೀವು ಯಾವಾಗ?" ಅಂದುಬಿಟ್ಟೆ. ಅವರಿಗೆ ಮರೆತು ಹೋಯ್ತು. ನನಗೆ ಮರೆಯುತ್ತಿಲ್ಲ. ಆರಾಧನೆಗೆ ಹೋಗಿ ಎರಡು ತಿಂಗಳಾಯ್ತು. ಹೋಗಲು ಮುಖವಿಲ್ಲ.

ಮಗಳೇ, ನಿನ್ನ ಪತ್ರವನ್ನು ಎರಡು ದಿನ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದೆ.

ಕಾಯಿಲೆಯ ಮಾತನ್ನು ಮೊದಲು ಮುಗಿಸುತ್ತೇನೆ. ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಇತ್ತೀಚಿನ ನೆನಪು, ಹಳೆಯದು ಬಹಳ ದಿನ ಉಳಿಯುತ್ತದೆ. ಹಾಗಾಗಿ ನಿನ್ನ ಅತ್ತೆ ಹಟಕ್ಕೆ ಕೇಳುತ್ತಿಲ್ಲ. ನಲವತ್ತನೇ ಸಲ ಕೇಳಿದಾಗಲೂ ಅವರ ಪಾಲಿಗೆ ಅದು ಮೊದಲನೇ ಸಲ. ಎತ್ತು ಬಾಯಾರಿ ನಿಂತಿದೆ ಎಂಬ ಸಂಕಟ ಪ್ರತಿ ಸಲವೂ ಹೊಸದು. ಇಲ್ಲಿಯವರೆಗೆ ದೊಡ್ಡ ಡಾಕ್ಟರಿಗೆ ತೋರಿಸಿಲ್ಲವಾದರೆ ಒಮ್ಮೆ ತೋರಿಸು. ಬಿ12 ಕೊರತೆ, ಥೈರಾಯ್ಡ್ ತೊಂದರೆ ಇದ್ದರೂ ಮರೆವು ಹೆಚ್ಚುತ್ತದೆ, ಅವಕ್ಕೆ ಔಷಧವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದನ್ನು ನೋಡುತ್ತಾರೆ. ಹಿರಿಯರ ವಿಷಯದಲ್ಲಿ ಸಲಹೆ ಕೇಳಲು 14567 ಎಂಬ ಉಚಿತ ಸಹಾಯವಾಣಿ ಇದೆ.

ಅತ್ತೆ ಕೇಳಿದಾಗ ಏನು ಹೇಳಬೇಕು? "ಎತ್ತು ಇಲ್ಲ" ಅಂದರೆ ಅವರಿಗೆ ಪ್ರತಿ ಸಲ ಹೊಸ ದುಃಖ. "ಕುಡಿಸಿದೆ" ಅಂದರೆ ಸುಳ್ಳಾಯಿತಲ್ಲ ಎಂದು ನಿನಗೆ ಕಸಿವಿಸಿಯಾಗಬಹುದು. ವಾರ್ಡಿನಲ್ಲಿ ನಾನು ಕಂಡುಕೊಂಡ ದಾರಿ ಹೇಳುತ್ತೇನೆ. ಆ ಎತ್ತಿನ ಬಗ್ಗೆ ಅವರನ್ನೇ ಕೇಳು. "ಯಾವುದು ಅತ್ತೆ, ಬಿಳೀದಾ? ಅದಕ್ಕೆ ಏನಂತ ಕರೀತಿದ್ರಿ? ಯಾವ ಜಾತ್ರೇಲಿ ತಂದ್ರಿ?" ಅವರು ಹೇಳಲಿ. ನೀನು ಸೊಪ್ಪು ಹಾಕುತ್ತಾ ಕೇಳು. ಪಕ್ಕದಲ್ಲೇ ಕೂರಿಸಿಕೊಂಡು ಕೈಗೆ ನಾಲ್ಕು ಕಡ್ಡಿ ಸೊಪ್ಪು ಕೊಡು. ಅಷ್ಟು ವರ್ಷ ದನ ಸಾಕಿದ ಕೈಗೆ ಏನಾದರೂ ಕೆಲಸ ಬೇಕು.

ಈಗ ನಿನ್ನ ವಿಷಯ. ಹುಳ ಜ್ವರಕ್ಕೆ ಕೂತಾಗ ನೀನು ಏನು ಮಾಡುತ್ತೀಯ? ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಸೊಪ್ಪು ನಿಲ್ಲಿಸುತ್ತೀಯ. ಸುಣ್ಣ ಉದುರಿಸಿ ಹಾಸಿಗೆ ಒಣಗಿಸುತ್ತೀಯ. ಮುಟ್ಟುವುದಿಲ್ಲ, ಅಲುಗಾಡಿಸುವುದಿಲ್ಲ. ತಲೆ ಎತ್ತಿ ಕಲ್ಲಿನ ಹಾಗೆ ಕೂತ ಹುಳವನ್ನು ನೋಡಿ, ಇದೇನು ಸೋಮಾರಿ ಅಂತ ಯಾವ ರೈತನೂ ಬೈಯುವುದಿಲ್ಲ. ಹಳೇ ಚರ್ಮ ಬಿಡಲು ಅದಕ್ಕೆ ಆ ಹೊತ್ತು ಬೇಕು. ನಾಲ್ಕು ಸಲ ಹೀಗೆ ಕೂತು ಎದ್ದ ಮೇಲೇ ಹುಳ ಹಣ್ಣಾಗುವುದು, ಚಂದ್ರಿಕೆ ಹತ್ತಿ ಗೂಡು ಕಟ್ಟುವುದು. ಹುಳಕ್ಕೆ ಕೊಡುವ ಈ ಮರ್ಯಾದೆಯನ್ನು ನೀನು ನಿನಗೆ ಕೊಟ್ಟುಕೊಂಡು ಎಷ್ಟು ದಿನವಾಯಿತು?

ಪ್ರವಾದಿ ಎಲೀಯನ ಕಥೆ ನಿನಗೆ ಗೊತ್ತಿರುತ್ತದೆ. ಸಾಕಾಯಿತು, ನನ್ನ ಪ್ರಾಣ ತೆಗೆದುಕೊಂಡುಬಿಡು ಅಂತ ಗಿಡದ ಕೆಳಗೆ ಬಿದ್ದುಕೊಂಡ. ದೇವದೂತ ಬಂದು ಅವನಿಗೆ ವಾಕ್ಯ ಹೇಳಲಿಲ್ಲ, ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಬಂದು ಇನ್ನೊಮ್ಮೆ ತಿನ್ನಿಸಿದ. ಮಾತು, ಪ್ರಶ್ನೆ ಎಲ್ಲ ಎಷ್ಟೋ ದಿನ ಆದಮೇಲೆ. ದಣಿದವರ ಹತ್ತಿರ ದೇವರು ಬರುವುದು ಹೀಗೆ, ರೊಟ್ಟಿಯ ರೂಪದಲ್ಲಿ. ನನ್ನ ಜೀವಮಾನದಲ್ಲಿ ನಾನು ಇದನ್ನು ಸುಳ್ಳಾಗಿ ಕಂಡಿಲ್ಲ.

ಆದರೆ ರೊಟ್ಟಿಯನ್ನು ಯಾರಾದರೂ ಸುಡಬೇಕಲ್ಲ. ಅದಕ್ಕೇ ಈ ಮಾತನ್ನು ನಿಮ್ಮ ಸಭೆಯ ಸ್ತ್ರೀಯರ ಸಂಘಕ್ಕೆ ಹೇಳುತ್ತಿದ್ದೇನೆ, ಈ ಪುಟವನ್ನು ಅವರಿಗೆ ತೋರಿಸು. ಅಕ್ಕಂದಿರೇ, ಎರಡು ತಿಂಗಳಿಂದ ಒಬ್ಬಳು ಬೆಂಚಿನಲ್ಲಿ ಕಾಣುತ್ತಿಲ್ಲ. ಅವಳ ಮನೆಗೆ ಪ್ರಾರ್ಥನೆ ಕೂಟ ಹೋಗುವುದಾದರೆ ಟೀ ಮಾಡುವ ಕೆಲಸ ಅವಳ ಮೇಲೆಯೇ ಬೀಳುತ್ತದೆ. ಅದರ ಬದಲು ವಾರಕ್ಕೆ ಎರಡು ಮಧ್ಯಾಹ್ನ ಒಬ್ಬರು ಹೋಗಿ ಆ ಅತ್ತೆಯ ಪಕ್ಕದಲ್ಲಿ ಕೂತು ಎತ್ತಿನ ಕಥೆ ಕೇಳಿ. ಅವಳು ಒಳಗೆ ಮಲಗಲಿ. ಗಂಡಸರೂ ಇದನ್ನು ಮಾಡಬಹುದು, ಮೊದಲು ಅವಳ ಗಂಡ. ಅವರದೇ ತಾಯಿ.

ನೀನು ಅಂದ ಮಾತು ಕೆಟ್ಟ ಮಾತು. ಹೌದು. ಅದನ್ನು ಸಣ್ಣದು ಮಾಡಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ದೇವರ ಹತ್ತಿರ ಒಪ್ಪಿಕೋ, ಅತ್ತೆಯ ಕೈ ಹಿಡಿದು ಅವರ ಹತ್ತಿರವೂ ಒಪ್ಪಿಕೋ. ಅವರಿಗೆ ಅರ್ಥವಾಗದಿದ್ದರೂ ಕೈಯ ಬಿಸಿ ಅರ್ಥವಾಗುತ್ತದೆ. ಆಮೇಲೆ ಅದನ್ನು ಎತ್ತಿ ಎತ್ತಿ ನೋಡಬೇಡ. ಅವರು ಮರೆತದ್ದು ಕಾಯಿಲೆಯಿಂದ ಅಂತ ನೀನು ಅಂದುಕೊಂಡಿದ್ದೀಯ. ಕಾಯಿಲೆ ಇಲ್ಲದ ದೇವರು, ನಿಮ್ಮ ಪಾಪಗಳನ್ನು ಇನ್ನು ನನ್ನ ನೆನಪಿಗೆ ತರುವುದಿಲ್ಲ ಎಂದು ಪ್ರವಾದಿ ಯೆರೆಮೀಯನ ಬಾಯಿಂದ ಮಾತು ಕೊಟ್ಟಿದ್ದಾನೆ.

ಮುಖವಿಲ್ಲ ಅಂದೆ. ಮುಖವಿದ್ದವರೇ ಬರಬೇಕಾಗಿದ್ದರೆ ಕರ್ತನ ಭೋಜನದ ಮೇಜಿನ ಮುಂದೆ ಮೊಣಕಾಲೂರಲು ನಮ್ಮಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಈ ಬೆಳೆಯ ಗೂಡು ಮಾರಿದ ಮಾರನೇ ಭಾನುವಾರ ಹೋಗು. ತಡವಾಗಿ ಹೋದರೂ ಹೋಗು.

ಪ್ರಶ್ನೆ: ತುಮಕೂರಿನವನು. ಅಪ್ಪ ತೀರಿಕೊಂಡ ಮೇಲೆ ಒಂದು ದಾಖಲೆಗಾಗಿ ಎಂಟು ತಿಂಗಳಿಂದ ಕಚೇರಿ ಅಲೆಯುತ್ತಿದ್ದೇನೆ. ಇವತ್ತು ಬಾ, ನಾಳೆ ಬಾ. ಮೊನ್ನೆ ಕಿಟಕಿಯಲ್ಲಿದ್ದ ಚಿಕ್ಕ ಹುಡುಗನ ಮೇಲೆ ಕೂಗಾಡಿಬಿಟ್ಟೆ, ಅವನ ಅಪ್ಪ ಅಮ್ಮನನ್ನೂ ಎಳೆತಂದೆ. "ಕ್ರೈಸ್ತರು ಸಹಿಸಿಕೊಳ್ಳಬೇಕು" ಎಂದು ಸಭೆಯ ಹಿರಿಯರು ಅನ್ನುತ್ತಾರೆ. ಎಷ್ಟು ಸಹಿಸಬೇಕು?

ಹಿರಿಯರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆ ಇದ್ದಾಳೆ. ದೇವರಿಗೂ ಹೆದರದ, ಜನರನ್ನೂ ಲೆಕ್ಕಿಸದ ನ್ಯಾಯಾಧಿಪತಿಯ ಮುಂದೆ ಹೋಗಿ ಹೋಗಿ ನಿಂತು ನನಗೆ ನ್ಯಾಯ ಕೊಡು ಎನ್ನುತ್ತಾಳೆ. ಕೊನೆಗೆ ಅವನೇ ಬೇಸತ್ತು ಕೊಡುತ್ತಾನೆ. ಯೇಸು ಅವಳನ್ನು ತೋರಿಸಿ, ಮನಗುಂದದೆ ಪ್ರಾರ್ಥಿಸುವುದು ಹೀಗೆ ಅಂದ. ಸುಮ್ಮನೆ ಮನೆಯಲ್ಲಿ ಕೂತು ಸಹಿಸಿಕೊಂಡವಳಲ್ಲ ಅವಳು.

ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲೆಂದು ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ನಿಮ್ಮ ಸೇವೆ ಅದರ ಪಟ್ಟಿಯಲ್ಲಿದ್ದರೆ ಅರ್ಜಿಗೆ ಜಿ.ಎಸ್.ಸಿ. ಎಂಬ ಅರ್ಜಿ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಎಷ್ಟು ದಿನದಲ್ಲಿ ಮುಗಿಯಬೇಕೆಂಬ ಗಡುವು ಇರುತ್ತದೆ. ಮೀರಿದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಮೊತ್ತ ಸಣ್ಣದು. ಆದರೆ ಅದು ಸಂಬಂಧಪಟ್ಟ ಅಧಿಕಾರಿಯ ಮೇಲೆ ಬೀಳುವಂಥದ್ದು, ಹಾಗಾಗಿ ಕಡತ ಅಲುಗುತ್ತದೆ. ಎಂಟು ತಿಂಗಳಲ್ಲಿ ನಿಮಗೆ ಆ ಸಂಖ್ಯೆ ಕೊಟ್ಟಿದ್ದಾರೆಯೆ? ಇಲ್ಲದಿದ್ದರೆ ಅಲ್ಲಿಂದ ಶುರುಮಾಡಿ. ಪ್ರತಿ ಸಲ ಹೋದ ದಿನಾಂಕ, ಯಾರು ಏನಂದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆಯುವ ಕೈ ಕೂಗುವ ಬಾಯನ್ನು ಸ್ವಲ್ಪ ಹಿಡಿಯುತ್ತದೆ, ಕೇಸ್ ಶೀಟ್ ಬರೆದವಳ ಅನುಭವ ಇದು.

ಆ ಹುಡುಗನ ವಿಷಯ. ಕೆಲಸ ತಡಮಾಡಿದವನು ಅವನಲ್ಲದಿರಬಹುದು, ಕಿಟಕಿಯಲ್ಲಿ ಕೂತದ್ದಕ್ಕೆ ದಿನವಿಡೀ ಎಲ್ಲರ ಬೈಗುಳ ಅವನಿಗೇ. ನೀವು ದಾಖಲೆ ಕೇಳಿದ್ದಕ್ಕೆ ಕ್ಷಮೆ ಕೇಳಬೇಡಿ, ಬೈದದ್ದಕ್ಕೆ ಕೇಳಿ. ಅವನ ಹೆಸರು ತಿಳಿದುಕೊಂಡು, ಹೆಸರು ಹಿಡಿದು ಕೇಳಿ. ಕೇಳಿದ ಮೇಲೆ ಅದೇ ಕಿಟಕಿಯಲ್ಲಿ ಅರ್ಜಿಯ ವಿಷಯವನ್ನು ಮತ್ತೆ ಎತ್ತಿ.

ಪ್ರಶ್ನೆ: ಆಂಟಿ, ನಾನು ಏಳನೇ ಕ್ಲಾಸ್, ಶ್ರೀನಿವಾಸಪುರ. ಮಾವಿನ ಸೀಸನ್ ಬಂದರೆ ಅಪ್ಪ ಮಂಡಿಯಿಂದ ಬಂದು ಸುಮ್ಮಸುಮ್ಮನೆ ಬೈತಾರೆ. ಬೆಳಿಗ್ಗೆ ಏನೂ ಆಗದ ಹಾಗೆ ಮಾತಾಡಿಸ್ತಾರೆ. ಸಂಡೇ ಸ್ಕೂಲ್ ಮಿಸ್ ಕ್ಷಮಿಸಬೇಕು ಅಂತಾರೆ. ನನಗೆ ಆಗ್ತಾ ಇಲ್ಲ.

ಚಿನ್ನಾ, ಆಗದಿದ್ದರೆ ಇವತ್ತೇ ಆಗಬೇಕು ಅಂತಿಲ್ಲ. ಏಟು ಬಿದ್ದ ಕಡೆ ನೋವು ಇರುವಾಗ ನೋವಿಲ್ಲ ಅನ್ನುವುದು ಕ್ಷಮೆ ಅಲ್ಲ. ಯೇಸುವಿನ ಹತ್ತಿರ "ನನಗೆ ಅಪ್ಪನ ಮೇಲೆ ಕೋಪ" ಅಂತ ಹಾಗೇ ಹೇಳು, ಕೀರ್ತನೆಗಳಲ್ಲಿ ದೊಡ್ಡವರೇ ಹಾಗೆ ಹೇಳಿಕೊಂಡಿದ್ದಾರೆ.

ಅಪ್ಪ ಬೈಯುವುದು ನಿನ್ನ ತಪ್ಪಿನಿಂದಲ್ಲ. ಮಾವಿನ ರೇಟು ಬಿದ್ದ ದಿನ ಬೈಗುಳ ಜಾಸ್ತಿ ಇರುತ್ತೆ ಅಂತ ನೀನೇ ಇನ್ನೊಂದು ಸಾಲಿನಲ್ಲಿ ಬರೆದಿದ್ದೀಯ. ಅಷ್ಟು ನಿನಗೆ ಕಾಣಿಸಿದೆ ಅಂದರೆ ಅಪ್ಪನ ಮೇಲೆ ನಿನಗೆ ಪ್ರೀತಿ ಇದೆ. ಅವರು ಸಮಾಧಾನವಾಗಿರುವ ಒಂದು ಬೆಳಿಗ್ಗೆ "ಅಪ್ಪಾ, ನೀವು ರಾತ್ರಿ ಬೈದಾಗ ನನಗೆ ಹೊಟ್ಟೆನೋವು ಬರುತ್ತೆ" ಅಂತ ಹೇಳು. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಅವರ ಲೆಕ್ಕದ ಪುಸ್ತಕದೊಳಗೆ ಇಡು. ಅಮ್ಮನಿಗೂ ತಿಳಿಸು. ಅವರು ಹೊಡೆದರೆ, ಅಥವಾ ನಿನಗೆ ಮನೆಯಲ್ಲಿರಲು ಭಯವಾದರೆ, ಶಾಲೆಯಲ್ಲಿ ನಿನಗೆ ಇಷ್ಟವಾದ ಟೀಚರಿಗೆ ಹೇಳು, ಅಥವಾ 1098ಕ್ಕೆ ಫೋನ್ ಮಾಡು. ಅದು ಮಕ್ಕಳಿಗಾಗಿಯೇ ಇರುವ ನಂಬರು, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಅದರಿಂದ ನೀನು ಕೆಟ್ಟ ಮಗಳಾಗುವುದಿಲ್ಲ.

ಪತ್ರದ ಕೆಳಗೆ ನೀನು ಬಿಡಿಸಿರುವ ಮಾವಿನ ಮರವನ್ನು ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ. ಮರದ ಕೆಳಗೆ ಇಬ್ಬರು ನಿಂತಿದ್ದಾರೆ, ಒಬ್ಬರು ಎತ್ತರ, ಒಬ್ಬರು ಗಿಡ್ಡ, ನಡುವೆ ಸ್ವಲ್ಪ ಜಾಗ ಬಿಟ್ಟಿದ್ದೀಯ. ನೀನು ಚೀಟಿ ಇಟ್ಟ ಮೇಲೆ ಏನಾಯಿತು ಅಂತ ನನಗೆ ಬರೆ. ಚಿತ್ರ ನನ್ನ ಬೈಬಲಿನೊಳಗಿದೆ.